ಹಸಿರು ಗೆರೆಯ ಮೇಲೆ ಕಾಕಾ

'ಶುದ್ಧ ಆಟ' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಆ ಮಾತನ್ನು ಹೊತ್ತುಕೊಂಡು ತಿರುಗುತ್ತಿದ್ದವನು ಹಿಮಾಯತ್‌ನಗರದ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದ ಬೆಂಗಳೂರಿನ ಗೆಳೆಯ. ಗೆಳೆಯ ಎಂದು ಬರೆಯಲೂ ಕೈ ಹಿಂಜರಿಯುತ್ತದೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗಳು ಕಂಡಕಂಡವರನ್ನೆಲ್ಲ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ ಕಾಲ ಅದು. ನಾವಿಬ್ಬರೂ ಆ ಕಂಡಕಂಡವರಲ್ಲಿ ಸೇರಿದವರೇ. ಸಂಬಳ ಕೈಗೆ ಬಂದದ್ದೇ ತಡ, ಅವನು ಕಾರ್ ರೇಸಿನ ಕಂಪ್ಯೂಟರ್ ಆಟ ಕೊಂಡ. ಅದಕ್ಕೊಂದು ಸ್ಟಿಯರಿಂಗು, ಕಾಲಡಿಗೆ ಪೆಡಲುಗಳನ್ನೂ ತಂದ. ಊಟದ ಮೇಜು ಅವುಗಳ ಪಾಲಾಯಿತು, ನಾವು ನೆಲದ ಮೇಲೆ ಪೇಪರ್ ಹಾಸಿ ಉಣ್ಣತೊಡಗಿದೆವು.

ಆ ಆಟದಲ್ಲಿ ಹೊಸಬರಿಗೆಂದು ಕೆಲವು ಸಹಾಯಗಳಿದ್ದವು. ರಸ್ತೆಯ ಮೇಲೆ ಒಂದು ಗೆರೆ ಕಾಣುತ್ತಿತ್ತು: ಹಸಿರಿದ್ದಲ್ಲಿ ಜೋರಾಗಿ ಹೋಗಬೇಕು, ಕೆಂಪಾದಲ್ಲಿ ವೇಗ ಇಳಿಸಬೇಕು. ಬೇಕೆಂದರೆ ತಿರುವಿನಲ್ಲಿ ಬ್ರೇಕನ್ನೂ ಆಟವೇ ಹಾಕುತ್ತಿತ್ತು, ಗೇರನ್ನೂ ಅದೇ ಬದಲಿಸುತ್ತಿತ್ತು. ಇವನ್ನು ಬಳಸುವವರನ್ನು ಕಂಡರೆ ಅವನು ಮೂಗು ಮುರಿಯುತ್ತಿದ್ದ. 'ಗೆರೆ ನೋಡ್ಕೊಂಡು ಓಡಿಸೋದೂ ಒಂದು ಓಡಿಸೋದಾ?' ಎನ್ನುತ್ತಿದ್ದ. ಇಷ್ಟು ಹೇಳುವವನಿಗೆ ಲೈಸೆನ್ಸೇ ಇರಲಿಲ್ಲ. ದಿನಾ ಬೆಳಿಗ್ಗೆ ಆಫೀಸಿನ ಕ್ಯಾಬಿನಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತ, ಅಂಗಿಯ ಮೇಲೆ ಜೊಲ್ಲು ಸುರಿಸುತ್ತ ಹೋಗುತ್ತಿದ್ದ.

ಭಾನುವಾರ ಹೈದರಾಬಾದಿನದೇ ತಾರ್ನಾಕದಿಂದ ನನ್ನ ಕಾಕಾ, ಅಪ್ಪನ ತಮ್ಮ, ಬರುತ್ತಿದ್ದರು. ಕಲಬುರಗಿ ಬಿಟ್ಟು ಬಂದು ಅಬಿಡ್ಸ್‌ನ ಪುಸ್ತಕದಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ಮಗುವಾಗಿದ್ದಾಗ ಪೋಲಿಯೊ ಬಂದು ಅವರ ಬಲಗಾಲು ಸೊರಗಿತ್ತು. ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದು, ಅವರ ಹೆಂಡತಿ, ನನ್ನ ಕಾಕು, ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಇಳಿಸಿ, ಗೋಡೆಗೊರಗಿ ಕೂತು ನಮ್ಮ ಆಟ ನೋಡುತ್ತಿದ್ದರು.

ಒಮ್ಮೆ ಅವನು ಹೊರಗೆ ಹೋಗಿದ್ದಾಗ ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿದೆ.

'ಬ್ಯಾಡೋ ತಮ್ಮಾ, ಈ ಕಾಲಿಗೆ ಅದೆಲ್ಲಿ ಆಗತೈತಿ' ಅಂದರು.

'ಎಡಗಾಲಿಲೆ ಎಕ್ಸಿಲೇಟರ್ ಒತ್ರಿ ಕಾಕಾ. ಬ್ರೇಕ್ ಅದ ಹಾಕ್ತೈತಿ. ಗೆರೆ ಮ್ಯಾಲ ಹೋಗ್ರಿ ಸಾಕು.'

ಮೊದಲು ಹುಲ್ಲಿಗೆ ಹೋದರು, ಆಮೇಲೆ ಬೇಲಿಗೆ. ಹಾಗೂ ಹೀಗೂ ಒಂದು ಸುತ್ತು ಮುಗಿದಾಗ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. 'ಇಲ್ಲಿ ಆಟೋದವ್ರು ಅಡ್ಡ ಬರೂದಿಲ್ಲ ನೋಡು, ಭಾಳ ಚಲೋ ಐತಿ' ಎಂದು ಇನ್ನೊಂದು ಸುತ್ತು ಹೊರಟರು. ಮುಂದಿನ ಭಾನುವಾರದಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದರು. ಅದು ಅವರು ಜೀವಮಾನದಲ್ಲಿ ಓಡಿಸಿದ ಒಂದೇ ಒಂದು ಗಾಡಿ. ವಾರವಿಡೀ ಅದನ್ನೇ ನೆನೆಯುತ್ತಾರೆಂದು ಕಾಕು ಫೋನಿನಲ್ಲಿ ನಗುತ್ತಿದ್ದರು.

ಅವನು ರೊಟ್ಟಿ ಮುರಿಯುತ್ತ ಇದನ್ನೆಲ್ಲ ಸಹಿಸಿಕೊಂಡಿದ್ದ. ಆದರೆ ಒಂದು ದಿನ, ಆಡಿದವರ ವೇಗ ತೋರಿಸುವ ಆಟದ ಪಟ್ಟಿಯಲ್ಲಿ ಕಾಕಾ, ಹಿಂದೊಮ್ಮೆ ಬಂದು ಆಡಿಹೋಗಿದ್ದ ಅವನ ಆಫೀಸಿನ ಸ್ನೇಹಿತನೊಬ್ಬನಿಗಿಂತ ಮೇಲೆ ಬಂದುಬಿಟ್ಟರು. ಮರುವಾರ ಕಾಕಾ ಕೂತು ಪೆಡಲೊತ್ತಿದರೆ ಕಾರು ತಿರುವಿನಲ್ಲಿ ನಿಧಾನಿಸಲೇ ಇಲ್ಲ, ನೆಟ್ಟಗೆ ಹೋಗಿ ಗೋಡೆಗೆ ಗುದ್ದಿತು. ಇನ್ನೊಮ್ಮೆ ಹೊರಟರು, ಇನ್ನೊಮ್ಮೆ ಗುದ್ದಿತು.

'ಯಾಕೋ ಇವತ್ತು ಕಾಲು ಮಾತು ಕೇಳವಲ್ದು' ಎಂದು ಕಾಕಾ ತಮ್ಮ ತೊಡೆಯನ್ನು ತಾವೇ ಗುದ್ದಿಕೊಂಡರು. ಹಿಂದೆ ಕಿಸಕ್ಕೆಂದ ಸದ್ದಾಯಿತು. ಪರದೆಯ ಮೇಲೆ ಗೆರೆಯೇ ಇಲ್ಲದ್ದು ಆಗ ನನ್ನ ಕಣ್ಣಿಗೆ ಬಿತ್ತು.

'ಎಲ್ಲಾ ಆಫ್ ಮಾಡಿದೀನಿ ಅಂಕಲ್' ಎಂದ ಅವನು, ತುಟಿಯಂಚಿನಲ್ಲಿ ಕಾಕು ಕುಟ್ಟಿದ ಚಟ್ನಿ. 'ಇಷ್ಟು ದಿನ ಓಡಿಸಿದ್ದು ನೀವಲ್ಲ, ಕಂಪ್ಯೂಟರ್. ಶುದ್ಧವಾಗಿ ಆಡೋದಾದ್ರೆ ಆಡಿ.'

'ಆನ್ ಮಾಡು' ಅಂದೆ.

'ನನ್ನ ಮೆಷೀನು. ಆಗಲ್ಲ.'

ಅವನ ಕುತ್ತಿಗೆಪಟ್ಟಿ ಹಿಡಿಯಲು ಹೋದ ನನ್ನ ಕೈಯನ್ನು ಕಾಕಾ ಹಿಡಿದರು, ಅದನ್ನೇ ಆಸರೆ ಮಾಡಿಕೊಂಡು ಎದ್ದರು. ಅವರು ಇನ್ನೂ ಚಪ್ಪಲಿ ಮೆಟ್ಟಿರಲಿಲ್ಲ, ಅವನು ಬಟ್ಟೆ ತಂದು ಸ್ಟಿಯರಿಂಗ್ ಒರೆಸತೊಡಗಿದ. ಅಷ್ಟು ಅಸಹ್ಯವಾದದ್ದನ್ನು ನಾನು ಆಮೇಲೂ ಕಂಡಿಲ್ಲ.

ಮೆಟ್ಟಿಲಿಳಿಯುತ್ತ ಅವನನ್ನು ಬಾಯಿಗೆ ಬಂದಂತೆ ಬೈದೆ. ಕಾಕಾ ನಡುವೆ ನಿಂತು ದಣಿವಾರಿಸಿಕೊಂಡರು.

'ಬ್ರೇಕ್ ಅದ ಹಾಕ್ತೈತಿ ಅಂತ ನನಗ ಗೊತ್ತಿದ್ದಿಲ್ಲೇನು? ನೀನ ಹೇಳಿದ್ದಿ' ಅಂದರು. 'ಸೈಕಲ್ಲಿಗೆ ಅವ್ವ ಬ್ಯಾಡ ಅಂದ್ಲು. ಸ್ಕೂಟರಿಗೆ ನಿಮ್ಮಪ್ಪ ಬ್ಯಾಡ ಅಂದ. ಬ್ಯಾಡ ಅನ್ನದಿದ್ದದ್ದು ಇದೊಂದ ಇತ್ತು, ತಮ್ಮಾ.'