ಹೊಗೆಯ ಕಡೆಗೆ ಬಾಣ

ನಾನು ನಿಂತಿದ್ದುದು ಕಾರಿನ ಎಡಗಡೆ, ಮುಂದಿನ ಚಕ್ರದ ಪಕ್ಕದಲ್ಲಿ. ಎಂಬತ್ತರ ದಶಕದ ಕೊನೆಯ ಒಂದು ಭಾನುವಾರ. ಬೆಳಗಿನ ತಿಂಡಿ ಮುಗಿದಿತ್ತು. ಜಾಗ, ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ, ಕಾರ್ಮಿಕರ ಸಾಲಿನಲ್ಲಿದ್ದ ದೊಡ್ಡಪ್ಪನ ಲೈನ್ ಮನೆಯ ಮುಂದೆ. ಬಾನೆಟ್ ಎತ್ತಿತ್ತು. ಅಲ್ಲಿಂದ ಅಣ್ಣನ ಎರಡು ಕೈಗಳೂ ನನಗೆ ಕಾಣುತ್ತಿದ್ದವು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ದೊಡ್ಡಪ್ಪ ಗಣಿಯೊಳಗೆ ದುಡಿದು ನಿವೃತ್ತನಾದವನು. ಕಲ್ಲಿನ ಧೂಳು ಅವನ ಎದೆಯಲ್ಲಿ ಉಳಿದುಬಿಟ್ಟಿತ್ತು. ಬಾಗಿಲಿನಿಂದ ಬೀದಿಯ ನಲ್ಲಿಯವರೆಗೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಅವನ ಮಗ, ನನಗೆ ಅಣ್ಣ, ಬಂಗಾರಪೇಟೆ ಸ್ಟೇಷನ್ ಹತ್ತಿರ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಕಾರು ಅದು. ಮಗನ ಕಾರಿನಲ್ಲಿ ಅಪ್ಪನಿಗೆ ಕೂರಲಾಗುತ್ತಿರಲಿಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿ ಹುಟ್ಟುವ ಹೊಗೆ ಹೊರಗೆ ಹೋಗದೆ ಮತ್ತೆ ಕಾರ್ಬೊರೇಟರ್ ಕಡೆಗೆ ಹೋಗಿ ಉರಿದುಹೋಗಲೆಂದು ಒಂದು ರಬ್ಬರ್ ಪೈಪು, ಅದರ ನಡುವೆ ಒಂದೇ ದಿಕ್ಕಿಗೆ ಬಿಡುವ, ಹೆಬ್ಬೆರಳಿನಷ್ಟು ಒಂದು ವಾಲ್ವ್ ಇರುತ್ತದೆ. ಆ ವಾಲ್ವ್ ಸವೆದುಹೋಗಿತ್ತು. ಹೊಗೆಯೆಲ್ಲ ಕಾರಿನೊಳಕ್ಕೆ ಬರುತ್ತಿತ್ತು.

ಅಂದು ಮಧ್ಯಾಹ್ನ ಬಂಗಾರಪೇಟೆಯ ಬೀಗರ ಮನೆಯಲ್ಲಿ ದೊಡ್ಡಪ್ಪನ ಮಗಳ ಮಗುವಿಗೆ ನಾಮಕರಣ. ಕೂಸಿಗೆ ದೊಡ್ಡಪ್ಪನ ಸತ್ತ ತಾಯಿಯ ಹೆಸರಿಡುವುದೆಂದು ಮಾತಾಗಿತ್ತು. ಆ ಹೆಸರನ್ನು ಮಗುವಿನ ಕಿವಿಯಲ್ಲಿ ತಾನೇ ಹೇಳಬೇಕೆಂದು ದೊಡ್ಡಪ್ಪ ಕೇಳಿಕೊಂಡಿದ್ದ. ಬೀಗರೂ ಒಪ್ಪಿದ್ದರು. ಬಸ್ಸಿನ ನೂಕುನುಗ್ಗಲು ಅವನಿಂದ ಆಗದು. ಅದಕ್ಕೇ ಅಣ್ಣ ಬೆಂಗಳೂರಿನಿಂದ ಹೊಸ ವಾಲ್ವ್ ತಂದು ಮನೆ ಮುಂದೆಯೇ ಹಾಕಲು ಕೂತಿದ್ದ.

ದೊಡ್ಡಮ್ಮ ಹೊಸಿಲ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. "ಕಾರ್ಗೂ ದಮ್ಮು, ಈಯಪ್ಪಂಗೂ ದಮ್ಮು. ಒಳ್ಳೆ ಜೋಡಿ."

"ಕಾರ್ಗೆ ಔಸ್ದಿ ಸಿಕ್ತಲ್ಲಮ್ಮಿ," ಎಂದ ದೊಡ್ಡಪ್ಪ. ಅಂದು ಅವನು ಒಗೆದ ಅಂಗಿ ಹಾಕಿದ್ದ. ಮುಖದಲ್ಲಿ ಗೆಲುವಿತ್ತು.

ಹಳೆಯ ವಾಲ್ವ್ ಎಣ್ಣೆ ಜಿಡ್ಡಿನಲ್ಲಿ ಕಚ್ಚಿಕೊಂಡಿತ್ತು. ಅಣ್ಣ ತಿರುಚಿ ಎಳೆದ. ಅದು ಎರಡು ತುಂಡಾಗಿ ಕಳಚಿ, ಒಂದು ತುಂಡು ನೆಲಕ್ಕೆ ಬಿತ್ತು. ಯಾವುದು ಯಾವ ಕಡೆಗಿತ್ತೆಂದು ತಿಳಿಯಲಿಲ್ಲ. ಹೊಸದರ ಎರಡು ತುದಿಗಳೂ ಒಂದೇ ಅಳತೆ. ಮೈಮೇಲೆ ಒಂದು ಬಾಣದ ಗುರುತು ಮಾತ್ರ ಇತ್ತು.

"ಬಾಣ ಯಾವ್ ಕಡೀಕಪ್ಪಾ?" ಎಂದು ಅಣ್ಣ ಕೇಳಿದ. ಗಾಳಿ, ಹೊಗೆಯ ವಿಷಯ ಬಂದರೆ ಆ ಮನೆಯಲ್ಲಿ ದೊಡ್ಡಪ್ಪನನ್ನೇ ಕೇಳುವುದು.

ದೊಡ್ಡಪ್ಪ ಎದ್ದು ಬಂದು ನನ್ನ ಹೆಗಲು ಹಿಡಿದು ನಿಂತ. "ಒಗೆ ಉಟ್ಟೋದು ಎಲ್ಲಿ?"

"ಇಂಜಿನ್ ಒಟ್ಟೇಲಿ."

"ಅಂಗಾದ್ರೆ ಬಾಣ ಆ ಕಡೀಕೇ ಕಣ್ಲಾ. ಗಣಿ ಒಳ್ಗಡೆ ಬಂಡೆ ಸಿಡಿಸಿದ್ ಮೇಲೆ ಒಗೆ ಎಲ್ಲಿ ಕುಂತೈತೋ, ಗೋಡೆ ಮೇಲೆ ಸೀಮೇಸುಣ್ಣದಾಗೆ ಆ ಕಡೀಕೆ ಬಾಣ ಬರೀತಿದ್ವಿ. ಇಂದೆ ಬರೋನು ನೋಡ್ಕಂಡು ಉಳ್ಕಂತಿದ್ದ."

ಅಣ್ಣ ಹೊಸ ವಾಲ್ವನ್ನು ಬಟ್ಟೆಯಲ್ಲಿ ಒರೆಸಿಕೊಂಡ. ಆಮೇಲೆ ಬಾಣದ ಮೊನೆಯನ್ನು ಇಂಜಿನ್ನಿನ ಕಡೆಗೆ ಇಟ್ಟು ಪೈಪು ಸಿಕ್ಕಿಸಿ ಕ್ಲಿಪ್ಪು ಬಿಗಿದ. ಸ್ಟಾರ್ಟ್ ಮಾಡಿದಾಗ ನಿಂತ ಕಾರಿನಲ್ಲಿ ಹೊಗೆ ಕಾಣಲಿಲ್ಲ. ದೊಡ್ಡಪ್ಪ ಕಿಟಕಿಯಲ್ಲಿ ತಲೆ ತೂರಿಸಿ ಮೂಸಿ ನೋಡಿ, "ಆಯ್ತು, ನಡೀರಿ," ಎಂದ.

ಅವನು ಮುಂದೆ, ಅಣ್ಣನ ಪಕ್ಕ ಕೂತ. ನಾನೂ ದೊಡ್ಡಮ್ಮನೂ ಹಿಂದೆ. ಊರು ದಾಟುವವರೆಗೆ ಅವನು ಹೆಸರನ್ನು ಮೆಲ್ಲಗೆ ಹೇಳಿ ನೋಡಿಕೊಳ್ಳುತ್ತಿದ್ದ. "ಮರ್ತೋಯ್ತೀಯೇನೋ ನಿಮ್ಮಮ್ಮನ್ ಎಸ್ರು," ಎಂದು ದೊಡ್ಡಮ್ಮ ಕೆಣಕಿದಳು. ರಸ್ತೆ ಏರತೊಡಗಿದಾಗ ಅಣ್ಣ ಆಕ್ಸಿಲರೇಟರ್ ಒತ್ತಿದ. ಡ್ಯಾಶ್‌ಬೋರ್ಡಿನ ಸಂದಿಗಳಿಂದ ಹೊಗೆ ನುಗ್ಗಿತು. ಮೊದಲಿನಂತೆ ತೆಳುವಾಗಿ ಅಲ್ಲ, ಸುಟ್ಟ ಎಣ್ಣೆಯ ದಪ್ಪ ಹೊಗೆ.

ಅಣ್ಣ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ದೊಡ್ಡಪ್ಪ ಮುಂದಕ್ಕೆ ಬಗ್ಗಿಹೋಗಿದ್ದ. ನಾನೂ ಅಣ್ಣನೂ ಅವನನ್ನು ಎತ್ತಿ ಹುಣಸೆ ಮರದ ಬುಡದಲ್ಲಿ ಕೂರಿಸಿದೆವು. ಕೆಮ್ಮು ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ತನ್ನ ಚೊಂಬಿನ ನೀರು ಕೊಟ್ಟಳು. "ಮೆಲ್ಲಗಾ ತಾಗಣ್ಣಾ, ಮೆಲ್ಲಗಾ," ಎಂದು ತೆಲುಗಿನಲ್ಲಿ, ಮೆಲ್ಲಗೆ ಕುಡಿ ಎನ್ನುತ್ತ ಬೆನ್ನು ನೀವಿದಳು.

ಅಣ್ಣ ಬಾನೆಟ್ ಎತ್ತಿದ. ಎಣ್ಣೆ ಹಾಕುವ ಮುಚ್ಚಳದ ಸುತ್ತ ಎಣ್ಣೆ ಉಕ್ಕಿ, ಕಾದ ಕಬ್ಬಿಣದ ಮೇಲೆ ಬಿದ್ದು ಸೀಯುತ್ತಿತ್ತು. ಇಂಜಿನ್ನಿಗೆ ಉಸಿರು ಬಿಡಲು ದಾರಿಯೇ ಇರಲಿಲ್ಲ. ಕೆಮ್ಮಿನ ನಡುವೆ ದೊಡ್ಡಪ್ಪ ಅದನ್ನೇ ನೋಡುತ್ತಿದ್ದ. ಕೊನೆಗೆ ಕೈಯೆತ್ತಿ, ಬೆರಳನ್ನು ಇತ್ತಲಿಂದ ಅತ್ತ ತಿರುಗಿಸಿ ತೋರಿಸಿದ. ತುಂಬ ಹೊತ್ತಿನ ಮೇಲೆ ಒಂದೊಂದೇ ಮಾತು ಹೊರಟಿತು.

"ನಮ್ ಬಾಣ... ಒಗೆ ಎಲ್ಲೈತೆ ಅಂತ ಏಳೋದು. ಇದು... ಎಲ್ಲೀಗ್ ಓಗ್ಬೇಕು ಅಂತ ಏಳೋದು."

ಅಣ್ಣ ವಾಲ್ವ್ ತಿರುಗಿಸಿ ಹಾಕಿದ. ಎಣ್ಣೆಗೆ ಕ್ಲಿಪ್ಪು ಜಾರುತ್ತಿತ್ತು, ನಾನು ಹಿಡಿದುಕೊಂಡೆ. ಸ್ಟಾರ್ಟ್ ಮಾಡಿ ಜೋರಾಗಿ ರೇಸ್ ಮಾಡಿದ. ಹೊಗೆ ಇಲ್ಲ, ವಾಸನೆಯೂ ಇಲ್ಲ. "ಸರಿಯಾಯ್ತಪ್ಪಾ, ನಿದಾನಕ್ ಓಗಾನ. ಇನ್ನೂ ಒತ್ತೈತೆ," ಎಂದ.

ದೊಡ್ಡಪ್ಪ ಹೆಸರು ಹೇಳಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮೊದಲ ಅಕ್ಷರ ಬಂತು, ಮುಂದಿನದು ಗಾಳಿಯಾಗಿ ಹೋಯಿತು. ಮತ್ತೊಮ್ಮೆ ನೋಡಿದ. ತಲೆಯಲ್ಲಾಡಿಸಿದ.

"ಕಿವೀಲಿ ಏಳಾಕೆ ಉಸ್ರಿಲ್ಲ ಕಣ್ಲಾ. ಕೂಸಿನ್ ಮುಖುದ್ ಮೇಲೆ ಕೆಮ್ಮಕ್ಕೋಗ್ಲಾ? ಮನೀಗ್ ನಡಿ."

ದೊಡ್ಡಮ್ಮ ಮರದ ಆ ಬದಿಗೆ ಹೋಗಿ ನಿಂತಳು. ಅಣ್ಣ ಕಾರು ತಿರುಗಿಸಿದ. ವಾಪಸು ಬರುವಾಗ ಕಾರಿನೊಳಗೆ ಒಂದು ಎಳೆ ಹೊಗೆಯೂ ಇರಲಿಲ್ಲ. ಆದರೂ ದೊಡ್ಡಪ್ಪ ಮನೆ ಬರುವವರೆಗೆ ಟವೆಲನ್ನು ಮೂಗಿಗೆ ಒತ್ತಿ ಹಿಡಿದಿದ್ದ. ಬಂಗಾರಪೇಟೆಯಲ್ಲಿ ಕತ್ತಲಾಗುವವರೆಗೆ ಕಾದು, ಬೀಗರ ಕಡೆಯ ಹಿರಿಯರೊಬ್ಬರು ಮಗುವಿನ ಕಿವಿಯಲ್ಲಿ ಆ ಹೆಸರು ಹೇಳಿದರಂತೆ. ಬಾಣಂತನ ಮುಗಿಸಿ ಮಗಳು ಕೂಸನ್ನು ಎತ್ತಿಕೊಂಡು ಚಾಂಪಿಯನ್ ರೀಫ್ಸ್‌ಗೆ ಬರುವ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ದೊಡ್ಡಮ್ಮನೂ ಹೋದಳು. ಆ ಮರದ ಕೆಳಗೆ ಇದ್ದವರಲ್ಲಿ ಈಗ ನನ್ನನ್ನು ಬಿಟ್ಟರೆ ಇಬ್ಬರಿದ್ದಾರೆ. ನೀರು ಕೊಟ್ಟ ಹೆಂಗಸು ಅಲ್ಲೇ ರಸ್ತೆ ಬದಿಯ ಹಳ್ಳಿಯಲ್ಲಿ ಇದ್ದಾಳೆ. ಕಣ್ಣು ಮಂಜಾಗಿದೆ, ನಮ್ಮ ಗುರುತು ಹಿಡಿಯುತ್ತಾಳೆ. ಅಣ್ಣ ಬಂಗಾರಪೇಟೆಯಲ್ಲಿದ್ದಾನೆ. ಅವನು, ಈಗ ದೊಡ್ಡವಳಾಗಿರುವ ಆ ಮಗುವನ್ನು ಇವತ್ತಿಗೂ ಹೆಸರು ಹಿಡಿದು ಕರೆಯುವುದಿಲ್ಲ, ಪಾಪ ಎಂದೇ ಕರೆಯುತ್ತಾನೆ.