ಟೇಪಿನ ಕೆಳಗಿನ ಏಟು

ನಮ್ಮ ಅತ್ತಿಗೆಯಂಥ ಪುಕ್ಕಲು ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಲಿಫ್ಟ್ ಹತ್ತಲು ಭಯ, ಗ್ಯಾಸ್ ಹಚ್ಚಲು ಭಯ. ಫೋನ್ ಬಂದರೆ ಯಾರಿಗೋ ಏನೋ ಆಯಿತೆಂದು ಭಯ, ಬರದಿದ್ದರೆ ಇನ್ನೂ ಭಯ. ಅಣ್ಣ ಮನೆಗೆ ಬರುವುದು ಸ್ವಲ್ಪ ತಡವಾದರೆ ಬಾಗಿಲಿಗೂ ಕಿಟಕಿಗೂ ನಡೆದು ನಡೆದು ನೆಲ ಸವೆಸುತ್ತಾರೆ. ನಾನು ಅವರ ನಾದಿನಿ. ನನಗೆ ಭಯ ಅನ್ನುವುದು ಗೊತ್ತಿಲ್ಲ, ತಾಳ್ಮೆಯೂ ಅಷ್ಟಕ್ಕಷ್ಟೇ. "ಅತ್ತಿಗೆ, ನಿಮ್ಮ ನೆರಳು ಕಂಡ್ರೆ ನೀವೇ ಕಿರುಚ್ಕೋತೀರ" ಎಂದು ರೇಗಿಸಿದರೆ ನಗುತ್ತಾರೆ. ನಗುತ್ತಲೇ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ.

ಅದಕ್ಕೇ ನಮ್ಮ ಮನೆಯಲ್ಲಿ ಎಲ್ಲ ಸುದ್ದಿಯ ಬಾಲಕ್ಕೂ ಒಂದು ಮಾತು ಇರುತ್ತಿತ್ತು: ಅವಳಿಗೆ ಹೇಳ್ಬೇಡಿ. ಅಣ್ಣ ಸ್ಕೂಟರಿನಿಂದ ಬಿದ್ದು ಕೈ ತರಚಿಕೊಂಡಾಗ ಗಾಯ ಮಾಯುವವರೆಗೆ ತುಂಬು ತೋಳಿನ ಅಂಗಿ ತೊಟ್ಟು ಬೆವರಿದ. ಮಗಳು ಪುಟ್ಟಿ ಕಾಲೇಜಿನಲ್ಲಿ ತಲೆ ಸುತ್ತಿ ಬಿದ್ದದ್ದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ಪ್ರೀತಿಯಿಂದಲೇ ಮುಚ್ಚಿಡುತ್ತಿದ್ದೆವು, ಅದರಲ್ಲಿ ಸುಳ್ಳೇನಿಲ್ಲ.

ಟೇಬಲ್ ಟೆನಿಸ್ ಹಾಲಿನ ಗೋಡೆಗೆ ಒತ್ತಿಕೊಂಡಂತೆ ಅಣ್ಣನ ಅಂಗಡಿ. ಮುಂದಿನ ಕೌಂಟರಿನಲ್ಲಿ ನಾನು ಚೆಂಡು, ಶೂ, ಕಾಲುಚೀಲ ಮಾರುತ್ತೇನೆ. ಹಿಂದಿನ ಚಿಕ್ಕ ಕೋಣೆಯಲ್ಲಿ ಅತ್ತಿಗೆ ಬ್ಯಾಟ್ ಕಟ್ಟುತ್ತಾರೆ. ಮೊದಲು ಆ ಕೆಲಸ ಅಣ್ಣನದೇ ಆಗಿತ್ತು. ಅವನಿಗೋ ಎಲ್ಲದಕ್ಕೂ ಆತುರ. ಅಂಟು ಒಣಗುವ ಮೊದಲೇ ರಬ್ಬರ್ ಹಾಕುತ್ತಿದ್ದ, ಒಳಗೆ ಗುಳ್ಳೆ ಏಳುತ್ತಿತ್ತು, ಗಿರಾಕಿಗಳು ಬಾಯಿಗೆ ಬಂದಂತೆ ಬೈದು ಹೋಗುತ್ತಿದ್ದರು. ಒಂದು ದಿನ ಅತ್ತಿಗೆ, "ಕೊಡಿ ಇಲ್ಲಿ, ಇನ್ನೂ ಒಣಗಿಲ್ಲ, ನನಗೆ ಭಯ ಆಗುತ್ತೆ" ಎಂದು ಅವನ ಕೈಯಿಂದ ಕಿತ್ತುಕೊಂಡರು. ಅವತ್ತಿನಿಂದ ಕೆಲಸ ಅವರ ಪಾಲಾಯಿತು. ಆಡಲು ಬರುವವರೆಲ್ಲ ಅವರನ್ನು ಅಂಟು ಆಂಟಿ ಅನ್ನುತ್ತಾರೆ.

ಹೆದರುವವರಿಗೆ ಹೇಳಿ ಮಾಡಿಸಿದ ಕೆಲಸ ಅದು. ಹಾಲಿನಂಥ ಬಿಳಿ ಅಂಟನ್ನು ಮರದ ಹಲಗೆಗೂ ರಬ್ಬರಿನ ಸ್ಪಂಜಿಗೂ ತೆಳ್ಳಗೆ ಸವರಬೇಕು. ಬಿಳುಪು ಪೂರ್ತಿ ಹೋಗಿ ಅಂಟು ಕಣ್ಣಿಗೆ ಕಾಣದಂತಾಗುವವರೆಗೆ ಮುಟ್ಟಬಾರದು. ಆಮೇಲೆ ಹಿಡಿಯ ಕಡೆಯಿಂದ ಶುರುಮಾಡಿ ರಬ್ಬರನ್ನು ಮೆಲ್ಲಗೆ ಕೂರಿಸುತ್ತ, ಲಟ್ಟಣಿಗೆ ಉರುಳಿಸಿ ಗಾಳಿ ಹೊರಗೆ ಹಾಕಬೇಕು. ಒಂದು ಮಗ್ಗುಲು ಕೆಂಪು, ಒಂದು ಮಗ್ಗುಲು ಕಪ್ಪು. ಹೆಚ್ಚಾದದ್ದನ್ನು ಅಂಚಿನಗುಂಟ ಕೊಯ್ದು, ಕೊನೆಗೆ ಸುತ್ತಲೂ ಟೇಪು. ಟೇಪನ್ನು ಎಳೆದು ಸುತ್ತಿದರೆ ನಾಲ್ಕು ದಿನಕ್ಕೆ ಮುದುರಿ ಬಿಟ್ಟುಕೊಳ್ಳುತ್ತದೆ, ಸಡಿಲ ಬಿಟ್ಟರೆ ಸುಕ್ಕು. ಹಳೆ ಟೇಪಿನ ಮೇಲೆ ಹೊಸದನ್ನು ಅತ್ತಿಗೆ ಯಾವತ್ತೂ ಸುತ್ತಿದವರಲ್ಲ. "ಕೆಳಗೆ ಏನಾಗಿದೆಯೋ ನೋಡ್ದೆ ಹೇಗೆ ಮುಚ್ಚೋದು?" ಅನ್ನುತ್ತಾರೆ.

ಟೇಪು ಬಿಚ್ಚಿದರೆ ಆಡುವವರ ಗುಣ ತಿಳಿಯುತ್ತದಂತೆ. ಚೆಂಡನ್ನು ಮೇಜಿನ ಮೇಲೇ ಬಗ್ಗಿ ತೆಗೆಯುವವರ ಬ್ಯಾಟಿಗೆ ಕೆಳಗಿನ ಅಂಚಿನಲ್ಲಿ ಸಣ್ಣ ಗೀರುಗಳು. ಜೋಡಿಯಾಗಿ ಆಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಳ್ಳುವವರಿಗೆ ಪಕ್ಕದಲ್ಲಿ. ಸೋತ ಸಿಟ್ಟಿಗೆ ನೆಲಕ್ಕೆ ಎಸೆಯುವವರ ಬ್ಯಾಟಿನ ಹಿಡಿಯ ಬುಡವೇ ಒಡೆದಿರುತ್ತದೆ. "ಪೋಸ್ಟ್‌ಮಾಸ್ಟರ್ ಎಷ್ಟು ಸಾಧು ಅಂತೀರಲ್ಲ, ನೆಲಕ್ಕೆ ಹೇಗೆ ಬಡಿದಿದ್ದಾರೆ ನೋಡಿ" ಎಂದು ಅತ್ತಿಗೆ ತೋರಿಸಿದರೆ ನಾನೂ ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಪುಟ್ಟಿಗೆ ಮದುವೆ ಗೊತ್ತಾದದ್ದು ಈ ಹಾಲಿನಿಂದಲೇ. ಹುಡುಗ ಬ್ಯಾಂಕಿನಲ್ಲಿ ಕೆಲಸದವನು, ಸಂಜೆ ಆಡಲು ಬರುತ್ತಿದ್ದ. ಚೆಂಡು ನೆಟ್ ಸವರಿ ಆಚೆ ಬಿದ್ದು ಅದೃಷ್ಟಕ್ಕೆ ಪಾಯಿಂಟ್ ಸಿಕ್ಕರೆ ಎದುರಾಳಿಗೆ ಸಾರಿ ಅನ್ನುವುದು ಈ ಆಟದ ಮರ್ಯಾದೆ. ಬೇರೆಯವರು ಕಾಟಾಚಾರಕ್ಕೆ ಬೆರಳೆತ್ತುತ್ತಾರೆ. ಇವನು ಎದೆಗೆ ಕೈಯಿಟ್ಟು, ತಲೆ ಬಾಗಿಸಿ, ಎಲ್ಲರಿಗೂ ಕೇಳುವಂತೆ ಸಾರಿ ಅನ್ನುತ್ತಿದ್ದ. ಹಾಲಿನವರು ಅವನಿಗೆ ಸಾರಿ ಎಂದೇ ಹೆಸರಿಟ್ಟರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಪುಟ್ಟಿ ಅಮ್ಮನನ್ನು ಕರೆದೊಯ್ಯಲು ಬರುತ್ತಿದ್ದಳು, ಮಾತು ಬೆಳೆಯಿತು. ಅಣ್ಣನಂತೂ ಇಂಥ ಅಳಿಯ ಹುಡುಕಿದರೂ ಸಿಗುವುದಿಲ್ಲವೆಂದು ಊರೆಲ್ಲ ಹೇಳಿಕೊಂಡು ಬಂದ. ಮದುವೆಯಾದ ಮೇಲೆ ಇರಲೆಂದು ಇಬ್ಬರೂ ಬಾಡಿಗೆ ಮನೆ ಹಿಡಿದು, ಬಿಡುವಿದ್ದಾಗ ತಾವೇ ಬಣ್ಣ ಬಳಿಯುತ್ತಿದ್ದರು. ಮಲಗುವ ಕೋಣೆಯ ಬಾಗಿಲಿಗೆ ಪುಟ್ಟಿ ತಿಳಿನೇರಳೆ ಆರಿಸಿದ್ದಳು. "ಬಾಗಿಲಿಗೆ ಯಾರಾದ್ರೂ ನೇರಳೆ ಬಳೀತಾರೇನೇ?" ಎಂದು ನಾನು ಆಡಿಕೊಂಡಿದ್ದೆ.

ಮೊನ್ನೆ ಬ್ಯಾಂಕಿಗೆ ರಜೆ, ಸಾರಿ ಮಧ್ಯಾಹ್ನವೇ ಅಂಗಡಿಗೆ ಬಂದ. "ಅತ್ತೆ, ಟೇಪ್ ಕಿತ್ಕೊಂಡಿದೆ. ಮೇಲೇ ಇನ್ನೊಂದು ಸುತ್ತು ಹಾಕ್ಬಿಡಿ. ಹಳೇದು ತೆಗೀಬೇಡಿ" ಎಂದು ಬ್ಯಾಟ್ ಕೊಟ್ಟು ಹಾಲಿಗೆ ಹೋದ.

ಸ್ವಲ್ಪ ಹೊತ್ತಿಗೆ ಅತ್ತಿಗೆ ಒಳಗಿಂದ ಕರೆದರು. ಹೋಗಿ ನೋಡಿದರೆ ಟೇಪು ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಬ್ಯಾಟಿನ ನೆತ್ತಿಯ ಮೇಲೆ ಮರ ಒಳಕ್ಕೆ ಕುಸಿದು, ಎಳೆ ಎಳೆಯಾಗಿ ಸೀಳಿತ್ತು.

"ಕೈ ಜಾರಿ ಬಿದ್ದಿರುತ್ತೆ ಬಿಡಿ ಅತ್ತಿಗೆ" ಎಂದು ನಕ್ಕೆ.

"ಬಿದ್ರೆ ಹೀಗಾಗಲ್ಲ. ಇದು ಬೀಸಿ ಹೊಡೆದಿರೋದು. ಯಾವುದೋ ಮೂಲೆಗೆ." ಅವರು ಬ್ಯಾಟಿನ ಪಕ್ಕದ ಅಂಚನ್ನು ತಿರುಗಿಸಿ ತೋರಿಸಿದರು. "ಹೋದ ಸಲಾನೂ ಪಕ್ಕದಲ್ಲಿ ಹಿಂಗೇ ಒಂದು ಇತ್ತು. ಕಬ್ಬಿಣದ ಬೀರುಗೆ ತಾಗ್ತು ಅಂದ. ನಾನೇ ನನ್ನ ಕೈಯಾರೆ ಟೇಪ್ ಸುತ್ತಿ ಮುಚ್ಚಿದೆ ಕಣೇ."

"ನಿಮಗೆ ಕಂಡದ್ದೆಲ್ಲ ಭೂತ. ಸಿಟ್ಟು ಬಂದಿರುತ್ತೆ, ಗಂಡಸು, ಗೋಡೆಗೆ ಹೊಡೆದಿರ್ತಾನೆ."

ಅತ್ತಿಗೆ ಬ್ಯಾಟನ್ನು ದೀಪದ ಕೆಳಗೆ ಹಿಡಿದರು. ಟೇಪು ಹರಿದ ಕಡೆಯಿಂದ ನುಗ್ಗಿ, ಸೀಳಿದ ಮರದ ಒಳಗೆ ಬಣ್ಣ ಮೆತ್ತಿಕೊಂಡು ಒಣಗಿತ್ತು. ತಿಳಿನೇರಳೆ. ಹಸಿ ಬಣ್ಣಕ್ಕೆ ಬಿದ್ದ ಏಟು ಅದು.

"ಆ ಬಾಗಿಲಿಗೆ ಬಣ್ಣ ಬಳೀತಿದ್ದವಳು ಪುಟ್ಟಿ" ಅಂದರು.

ಅಷ್ಟರಲ್ಲಿ ಸಾರಿ ಬಾಗಿಲಲ್ಲಿ ಬಂದು ನಿಂತಿದ್ದ. ಯಾವಾಗ ಬಂದನೋ ಗೊತ್ತಾಗಲಿಲ್ಲ. ಬಿಚ್ಚಿದ ಟೇಪನ್ನು ನೋಡಿದ.

"ಹಳೇದು ತೆಗೀಬೇಡಿ ಅಂದಿದ್ದೆ ಅತ್ತೆ."

"ತೆಗೀದೆ ಹಾಕಿ ಅಭ್ಯಾಸ ಇಲ್ಲ."

"ಪರವಾಗಿಲ್ಲ. ಈಗ ಹಾಕಿ."

"ಟೇಪ್ ಖಾಲಿಯಾಗಿದೆ" ಅಂದರು ಅತ್ತಿಗೆ.

ಅವರ ತಲೆಯ ಹಿಂದಿನ ಕಪಾಟಿನಲ್ಲಿ ಟೇಪಿನ ಸುರುಳಿಗಳು ಸಾಲಾಗಿ ಕೂತಿದ್ದವು. ಸುಳ್ಳು ಹೇಳಿ ಗೊತ್ತಿಲ್ಲದವರು ಹೇಳಿದರೆ ಹೀಗೇ ಆಗುವುದು. ಅವನು ನಿಧಾನವಾಗಿ ಸುರುಳಿಗಳನ್ನು ನೋಡಿದ, ಅತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ. ಮುಖದ ನಗು ಒಂದು ಚೂರೂ ಕದಲಲಿಲ್ಲ.

"ಸರಿ, ನಾಳೆ ಬರ್ತೀನಿ. ಪುಟ್ಟಿ ಹತ್ರ ಇದೆಲ್ಲ ಆಡೋಕೆ ಹೋಗ್ಬೇಡಿ ಅತ್ತೆ. ಸುಮ್ನೆ ಹೆದರ್ತಾಳೆ."

ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಅತ್ತಿಗೆ ಕೂತಲ್ಲೇ ಕುಸಿದು, ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. ನೀರು ಕೊಟ್ಟರೆ ಲೋಟ ಹಲ್ಲಿಗೆ ಬಡಿಯಿತು.

ಸಂಜೆ ಪುಟ್ಟಿ ಕೆಲಸದಿಂದ ಮನೆಗೆ ಬಂದಾಗ ಅತ್ತಿಗೆ ಏನೂ ಪೀಠಿಕೆ ಹಾಕಲಿಲ್ಲ. ಬ್ಯಾಟನ್ನು ಊಟದ ಮೇಜಿನ ಮೇಲಿಟ್ಟರು. ಪುಟ್ಟಿ ಅದನ್ನು ನೋಡಿದಳು, ಕೈಚೀಲ ಹೆಗಲಿಂದ ಇಳಿಸಲೇ ಇಲ್ಲ.

"ನನಗೆ ಹೊಡೀಲಿಲ್ಲಮ್ಮ" ಅಂದಳು. ಯಾರೂ ಏನೂ ಕೇಳಿರಲಿಲ್ಲ. "ಬಾಗಿಲ ಚೌಕಟ್ಟಿಗೆ ಹೊಡೆದ."

"ನೀನು ಎಲ್ಲಿದ್ದೆ?"

"ಬಾಗಿಲಲ್ಲಿ."

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಪುಟ್ಟಿ ಗಡಿಬಿಡಿಯಿಂದ ಮಾತಾಡತೊಡಗಿದಳು. "ಫೋನ್ ಎತ್ಲಿಲ್ಲ ಅಂತ ಸಿಟ್ಟು. ಕೈಯೆಲ್ಲ ಬಣ್ಣ ಆಗಿತ್ತು, ಹೇಗೆ ಎತ್ಲಿ? ಆಮೇಲೆ ಸಾರಿ ಅಂದ, ಅತ್ತೂ ಅತ್ತ. ಪ್ರತಿ ಸಲಾನೂ ಅಂತಾನೆ."

"ಪ್ರತಿ ಸಲ" ಅಂದರು ಅತ್ತಿಗೆ.

ಪುಟ್ಟಿ ಬ್ಯಾಟನ್ನು ಮೇಜಿನ ಆಚೆಗೆ ಸರಿಸಿದಳು.

"ನನಗ್ಯಾಕೆ ಹೇಳ್ಲಿಲ್ಲ ಮಗಳೇ?"

"ನೀನು ಹೆದರ್ತೀಯಲ್ಲಮ್ಮ."

ಅತ್ತಿಗೆಗೆ ಆ ಮಾತು ಎಲ್ಲಿ ನಾಟಿತೋ. ಮುಖ ಸುಣ್ಣದಂತಾಯಿತು. ನಾವೆಲ್ಲ ಸೇರಿ ಇಷ್ಟು ವರ್ಷ ಆ ಹುಡುಗಿಗೆ ಕಲಿಸಿದ್ದು ಅದೊಂದನ್ನೇ. ಅಮ್ಮನಿಗೆ ಹೇಳಬಾರದು. ಅವಳು ಹೇಳಲಿಲ್ಲ.

"ಹೆದರ್ತೀನಿ. ಹೌದು" ಅಂದರು ಅತ್ತಿಗೆ ತಡೆದು ತಡೆದು. "ಹೆದರೋರಿಗೇ ಹೇಳ್ಬೇಕು ಕಣೇ ಇಂಥದನ್ನ. ಹೆದರದೇ ಇರೋರಿಗೆ ಹೇಳಿದ್ರೆ ನಗ್ತಾರೆ. ನಿಮ್ಮತ್ತೆ ನಕ್ಕಳಲ್ಲ, ಹಂಗೆ."

ತಲೆ ತಗ್ಗಿಸಿದೆ.

"ಅವನು ಬೇಕಾ ನಿನಗೆ?"

"ಬೇಕಿತ್ತು." ಪುಟ್ಟಿ ಅಳತೊಡಗಿದಳು. "ಈಗ ಅವನ ಸ್ಕೂಟರ್ ಸದ್ದು ಕೇಳಿದ್ರೆ ಕೈಕಾಲು ತಣ್ಣಗಾಗುತ್ತೆ. ಬೇಡ ಅನ್ನೋಕೂ ಭಯ ಅಮ್ಮ. ಬೇಡ ಅಂದ್ರೆ ಏನ್ಮಾಡ್ತಾನೋ."

ಅಣ್ಣ ಬಂದು ಎಲ್ಲ ಕೇಳಿದ. ಮಾತು ಕೊಟ್ಟಾಗಿದೆ, ಒಂದು ಸಲ ಕೂರಿಸಿ ಬುದ್ಧಿ ಹೇಳೋಣ, ಮದುವೆಯಾದರೆ ಸರಿಹೋಗುತ್ತಾನೆ, ಹೀಗೇ ಏನೇನೋ ಅಂದ. ಅತ್ತಿಗೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಗಳನ್ನು ತಿರುಗಿಸಿ ತಿರುಗಿಸಿ, ತೋಳು ಸರಿಸಿ, ಅಂಚು ಅಂಚೂ ನೋಡುತ್ತಿದ್ದರು.

ಮರುದಿನ ಸಂಜೆ ಹಾಲ್ ತುಂಬಿತ್ತು. ಸಾರಿ ನೇರ ಹಾಲಿಗೆ ಹೋಗಿ, ಯಾರದೋ ಬ್ಯಾಟ್ ಎರವಲು ತೆಗೆದುಕೊಂಡು ಆಡತೊಡಗಿದ್ದ. "ಅವನು ಇಲ್ಲಿಗೇ ಬರ್ತಾನೆ, ಒಳಗೇ ಕರೆದು ಹೇಳೋಣ" ಎಂದು ನಾನು ಅಂದೆ.

"ಒಳಗೆ ಬೇಡ. ನಾಲ್ಕು ಜನರ ಎದುರಿಗೆ ಹೇಳ್ಬೇಕು. ಒಳಗೆ ನನಗೆ ಧೈರ್ಯ ಬರಲ್ಲ" ಅಂದರು ಅತ್ತಿಗೆ.

ಆಟ ನಡೆಯುವಾಗ ಅವರು ಹಾಲಿಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಚೆಂಡು ಕಣ್ಣಿಗೆ ಬಡಿದರೆ ಎಂಬ ಭಯ. ಅವತ್ತು ಬ್ಯಾಟನ್ನು ಎದೆಗೊತ್ತಿ ಹಿಡಿದು, ಗೋಡೆ ಸವರಿಕೊಂಡು ಹೊರಟರು. ಪುಟ್ಟಿ ಅವರ ಬೆನ್ನಿಗೆ ಅಂಟಿಕೊಂಡೇ ನಡೆದಳು. ನಾನು ಕೌಂಟರ್ ಬಿಟ್ಟು ಓಡಿದೆ.

ಸಾರಿ ಆಟ ನಿಲ್ಲಿಸಿ, ನಗುತ್ತ ಎದುರು ಬಂದ. "ಅಯ್ಯೋ ಅತ್ತೆ, ನೀವ್ಯಾಕೆ ಬರೋಕೆ ಹೋದ್ರಿ? ಯಾಕೆ ಹೀಗೆ ನಡುಗ್ತಿದ್ದೀರಿ, ಜ್ವರಾನಾ?"

ಟೇಪಿಲ್ಲದ ಬ್ಯಾಟನ್ನು ಅತ್ತಿಗೆ ಅವನ ಮುಂದೆ ಹಿಡಿದರು. ಅದು ಗಡಗಡ ಅಲುಗುತ್ತಿತ್ತು.

"ನಿಮ್ಮನ್ನ ಕಂಡ್ರೆ ಭಯ ಆಗುತ್ತೆ, ಅದಕ್ಕೆ ನಡುಗ್ತಿದ್ದೀನಿ" ಅಂದರು. ಧ್ವನಿ ಒಡೆದು ಕಿರುಚಿದಂತೆ ಬಂತು. ಒಂದೊಂದೇ ಮೇಜಿನ ಆಟ ನಿಂತಿತು. "ನನಗಾದ್ರೆ ಅಭ್ಯಾಸ ಇದೆ, ಹುಟ್ಟಾ ಹೆದರೋಳು. ನನ್ನ ಮಗಳು ಹಾಗಿರ್ಲಿಲ್ಲ. ಈ ಮದುವೆ ಬೇಡ. ನಮ್ಮ ಮನೆ ಕಡೆ, ಅವಳ ಕೆಲಸದ ಕಡೆ ಬರಬೇಡಿ."

ಯಾರೋ ಕೆಮ್ಮಿದರು. ಪೋಸ್ಟ್‌ಮಾಸ್ಟರ್ ತಮ್ಮ ಬ್ಯಾಟ್ ಕೆಳಗಿಟ್ಟು ಎರಡು ಹೆಜ್ಜೆ ಈಚೆ ಬಂದು ನಿಂತರು.

ಸಾರಿ ಬ್ಯಾಟ್ ತೆಗೆದುಕೊಂಡ. ನೆತ್ತಿಯ ಮೇಲಿನ ಸೀಳನ್ನು ಹೆಬ್ಬೆರಳಿಂದ ಒಮ್ಮೆ ಸವರಿ, ತಲೆಯೆತ್ತಿ ಪುಟ್ಟಿಯ ಕಡೆ ನೋಡಿದ. ಆಗ ಅವನ ಮುಖದಲ್ಲಿ ನಗು ಇರಲಿಲ್ಲ. ನಗುವಿಲ್ಲದ ಆ ಮುಖವನ್ನು ನಾನು ಕಂಡದ್ದು ಅದೇ ಮೊದಲು, ಪುಟ್ಟಿ ಕಂಡದ್ದು ಮೊದಲಲ್ಲ. ನನ್ನ ಕೈ ತಾನಾಗಿ ಅತ್ತಿಗೆಯ ಸೆರಗನ್ನು ಹಿಡಿದುಕೊಂಡಿತು.