ಅತ್ತೆ ಹಾಕಿಸಿದ ಇನ್ನೊಂದು ತಾಟು

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಯಾರಾದರೂ ದೆವ್ವದ ಮಾತು ತೆಗೆದರೆ "ಅದು ಚಹಾ ಕುಡಿಯಿತೋ, ಕಾಫಿಯೋ?" ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದೆ. ರಸಾಯನಶಾಸ್ತ್ರ ಓದಿದ ಸೊಕ್ಕು ಎನ್ನಿ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಕೊನೆಗೆ ಖಾನಾಪುರದಲ್ಲಿ ನಡೆದದ್ದು ನೆನಪಾದಾಗ ಆ ಸೊಕ್ಕು ಕೆಲಸಕ್ಕೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಆ ಕಾಲಕ್ಕೆ ಬೆಳಗಾವಿಗೆ ಮಲೇಶಿಯಾದಿಂದ ಓದಲು ಬರುವವರು ಸಾಕಷ್ಟು ಮಂದಿ ಇದ್ದರು. ಹಿಂದವಾಡಿಯ ನಮ್ಮ ಮನೆಯ ಹಿಂದಿನ ಕೋಣೆಗೆ ಸು ಲಿನ್ ಎಂಬ ಹುಡುಗಿ ಬಾಡಿಗೆಗೆ ಬಂದಳು. ಚೀನೀ ಮೂಲದವಳು, ಪೆನಾಂಗಿನವಳು, ಡಾಕ್ಟರಿಕೆ ಓದುತ್ತಿದ್ದಳು. ನಮ್ಮವ್ವನ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಮೊದಲ ದಿನವೇ ಅವಳನ್ನು ಸುಶೀಲಾ ಮಾಡಿಬಿಟ್ಟಳು. ನಮ್ಮದು ಲಿಂಗ ಕಟ್ಟಿದವರ ಮನೆ. ಕೋಣೆಯಲ್ಲಿ ಮೊಟ್ಟೆ ಬೇಯುವ ವಾಸನೆ ಬಂದರೆ ಮಾತ್ರ ಅವ್ವನಿಗೆ ಇದ್ದಕ್ಕಿದ್ದಂತೆ ನೆಗಡಿಯಾಗುತ್ತಿತ್ತು.

ಅವಳ ಜೊತೆಯವರು ಕೆಲವರು ರಜೆಯಲ್ಲಿ ವಿಮಾನ ಹತ್ತಿ ಊರಿಗೆ ಹೋಗುತ್ತಿದ್ದರು, ಇನ್ನು ಕೆಲವರು ದಿಲ್ಲಿ, ಆಗ್ರಾ ನೋಡಲು ಹೊರಡುತ್ತಿದ್ದರು. ಸು ಲಿನ್‌ಗೆ ಎರಡೂ ಸಾಧ್ಯವಿರಲಿಲ್ಲ. ಅವಳು ಪೆನಾಂಗಿನಿಂದ ಮದ್ರಾಸಿಗೆ ಹಡಗಿನ ಅಗ್ಗದ ದರ್ಜೆಯಲ್ಲಿ, ಅಲ್ಲಿಂದ ಇಲ್ಲಿಗೆ ರೈಲಿನಲ್ಲಿ ತನ್ನ ಟ್ರಂಕಿನ ಮೇಲೆಯೇ ಕುಳಿತು ಬಂದವಳು. ಓದು ಮುಗಿಯುವ ತನಕ ಮರಳಿ ಹೋಗುವ ಮಾತಿರಲಿಲ್ಲ. ತಾಯಿ ತಂದೆ ಇಲ್ಲದ ಅವಳನ್ನು ಸಾಕಿದ್ದು ಅಜ್ಜಿ. ಅಮಾ ಎನ್ನುತ್ತಿದ್ದಳು. ಹಡಗು ಹತ್ತಿಸಲು ಬಂದ ಅಮಾ ಅಳಲಿಲ್ಲವಂತೆ, ಕೈ ಬೀಸಲಿಲ್ಲವಂತೆ, ಬೆನ್ನು ತಿರುಗಿಸಿ ಹೊರಟೇಹೋದಳಂತೆ. "ಬಿಟ್ಟುಬಂದೆ ಅಂತ ಸಿಟ್ಟಾಗಿರಬೇಕು. ನಾನು ಹೋಗುವ ತನಕ ಅವಳು ಇರುತ್ತಾಳಾ?" ಎಂದು ಸು ಲಿನ್ ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ಇರುತ್ತಾಳೆ ಬಿಡೇ ಎನ್ನುತ್ತಿದ್ದೆ. ಇನ್ನೇನು ಹೇಳಲಿ?

ರಜೆಯಲ್ಲಿ ನಾವಿಬ್ಬರೂ ಬುತ್ತಿ ಕಟ್ಟಿಕೊಂಡು ಅಡ್ಡಾಡುತ್ತಿದ್ದೆವು. ಕೋಟೆಯೊಳಗಿನ ಬಸದಿ ನೋಡಿ ಮುಗಿದಿತ್ತು, ಬಸ್ಸಿನಲ್ಲಿ ಜಾಂಬೋಟಿಗೆ ಹೋಗಿಬಂದದ್ದೂ ಆಗಿತ್ತು. ಸುಗ್ಗಿ ಮುಗಿದ ಚಳಿಗಾಲದ ಒಂದು ದಿನ ಪ್ಯಾಸೆಂಜರ್ ರೈಲು ಹತ್ತಿ ಖಾನಾಪುರಕ್ಕೆ ನಮ್ಮ ಸೋದರತ್ತೆಯ ಮನೆಗೆ ಹೊರಟೆವು. ಅವ್ವ ಅವಳಿಗೆ ನನ್ನ ಸೀರೆ ಉಡಿಸಿ, ಜಾರಬಾರದೆಂದು ಕಂಡಕಂಡಲ್ಲಿ ಪಿನ್ನು ಚುಚ್ಚಿ ಕಳಿಸಿದಳು.

ಗಂಗತ್ತೆ ವಿಧವೆ. ಮಗ ಹೊಲಕ್ಕೆ ಹೋಗಿದ್ದ. ಮನೆಯಲ್ಲಿ ಅತ್ತೆ ಮತ್ತು ಅವಳ ಸೊಸೆ, ಅಂದರೆ ನಮ್ಮ ವೈನಿ, ಇಬ್ಬರೇ. ಬಾಗಿಲಲ್ಲೇ ಅತ್ತೆ, "ಬರ್ರೆವಾ, ಎಲ್ಲಾರೂ ಒಳಗ ಬರ್ರಿ" ಎಂದಳು. ಎಲ್ಲಾರೂ ಎಂದದ್ದು ಆಗ ನನ್ನ ಕಿವಿಗೆ ಬೀಳಲೇ ಇಲ್ಲ ಎನ್ನಬೇಕು. ಊಟಕ್ಕೆ ಕೂತಾಗ ವೈನಿ ನಮ್ಮಿಬ್ಬರಿಗೆ ತಾಟು ಹಾಕಿದಳು. ಅತ್ತೆ, "ಇನ್ನೊಂದ ತಾಟ ಹಾಕವಾ" ಎಂದಳು. ಯಾರಿಗೆ ಎಂದರೆ, "ಹಾಕ ಅಂದ್ರ ಹಾಕ." ವೈನಿ ಸು ಲಿನ್‌ಳ ಪಕ್ಕದಲ್ಲಿ ತಾಟು ಇಟ್ಟು ಮಾದಲಿ, ತುಪ್ಪ ಬಡಿಸಿ ನನ್ನ ಮುಖ ನೋಡಿದಳು. "ಗಂಗತ್ತಿಗಿ ಅರಳು ಮರಳು" ಎಂದು ನಾನು ಕಣ್ಣು ಹೊಡೆದೆ. ಸು ಲಿನ್ ಮಾತ್ರ ಹಸಿದವಳಂತೆ ಉಂಡಳು. ಅಷ್ಟು ಸಮಾಧಾನದಿಂದ ಅವಳು ಉಂಡದ್ದನ್ನು ನಾನು ನೋಡಿರಲಿಲ್ಲ. ಪಕ್ಕದ ತಾಟು ಹಾಗೇ ಇತ್ತು.

ಸಂಜೆಯ ರೈಲಿಗೆ ಹೊರಡುವಾಗ, ದೂರದೇಶದ ಹುಡುಗಿ ಬರಿ ಉಡಿಯಲ್ಲಿ ಹೋಗಬಾರದೆಂದು ವೈನಿ ಉಡಿ ತುಂಬಲು ಮೊರದಲ್ಲಿ ಅಕ್ಕಿ, ಕೊಬ್ಬರಿ ತಂದಳು. ಗಂಡ ತೀರಿಕೊಂಡ ಮೇಲೆ ಅತ್ತೆ ಯಾರ ಉಡಿಯನ್ನೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ತಾನಾಗಿಯೇ ಒಳಗೆ ಸರಿದು ನಿಲ್ಲುವ ಹೆಂಗಸು ಅವಳು. ಅವತ್ತು ವೈನಿಯ ಕೈಯಿಂದ ಮೊರ ಇಸಿದುಕೊಂಡಳು. ಕೊಬ್ಬರಿ ತೆಗೆದು ಬದಿಗಿಟ್ಟಳು. ಅಕ್ಕಿಗೆ ಒಂದು ಹಿಡಿ ಉಪ್ಪು ಬೆರೆಸಿದಳು, ಅದರ ಮೇಲೆ ಚಹಾಪುಡಿ ಸುರಿದಳು. ವೈನಿ ಹೌಹಾರಿದಳು. ನಮ್ಮಲ್ಲಿ ಉಪ್ಪನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೇ ಕೊಡುವುದಿಲ್ಲ, ಇನ್ನು ಉಡಿಗೆ ಹಾಕುವುದೆಂದರೇನು? "ಅತ್ತಿ, ಏನ್ ಮಾಡಾಕತ್ತೀರಿ!" ಎಂದು ಅವಳು ಕೂಗಿದರೂ ಅತ್ತೆ ಅದನ್ನು ಸು ಲಿನ್‌ಳ ಸೆರಗಿಗೆ ಹಾಕಿ ಗಂಟು ಕಟ್ಟಿದಳು.

ನನಗೆ ನಾಚಿಕೆಯಾಗಿಹೋಯಿತು. ಕ್ಷಮೆ ಕೇಳೋಣವೆಂದು ತಿರುಗಿದರೆ ಸು ಲಿನ್‌ಳ ಮುಖದಲ್ಲಿ ರಕ್ತವೇ ಇರಲಿಲ್ಲ. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

ರೈಲು ಹತ್ತಿದ ಮೇಲೆ ಹೇಳಿದಳು. ಅವರ ಕಡೆ ದೂರ ಹೋಗುವವರಿಗೆ ಕೆಟ್ಟದ್ದು ತಾಗದಿರಲೆಂದು ಮನೆಯ ಹಿರಿಯರು ಅಕ್ಕಿ, ಉಪ್ಪು, ಚಹಾ ಎಲೆ ಕೂಡಿಸಿ ಕೊಡುತ್ತಾರಂತೆ. ಬಂದರಿನಲ್ಲಿ ಬೆನ್ನು ತಿರುಗಿಸುವ ಮೊದಲು ಅಮಾ ಅದನ್ನೇ ಕೆಂಪು ಕಾಗದದಲ್ಲಿ ಕಟ್ಟಿ ಅವಳ ಕೈಗಿಟ್ಟಿದ್ದಳು. ಆ ಪೊಟ್ಟಣ ಹಿಂದವಾಡಿಯಲ್ಲಿ ಅವಳ ಟ್ರಂಕಿನ ತಳದಲ್ಲಿತ್ತು. ನನಗೂ ಅದರ ಸುದ್ದಿ ಹೇಳಿರಲಿಲ್ಲ. ಅತ್ತೆಯಂತೂ ಅವಳನ್ನು ಅವತ್ತೇ ಮೊದಲು ಕಂಡದ್ದು, ಇಬ್ಬರಿಗೂ ಚೆನ್ನಾಗಿ ಬರುವ ಒಂದು ಭಾಷೆಯೂ ಇರಲಿಲ್ಲ. ನಾನು ಏನೇನೋ ಕಾರಣ ಹುಡುಕಿದೆ. ಒಂದೂ ನಿಲ್ಲಲಿಲ್ಲ.

ಮರುದಿನ ತಂತಿ ಬಂತು. ಅಮಾ ಹಿಂದಿನ ದಿನ ಬೆಳಿಗ್ಗೆ ತೀರಿಕೊಂಡಿದ್ದಳು. ನಾವು ಖಾನಾಪುರದ ರೈಲು ಹತ್ತುವ ಹೊತ್ತಿಗೇ.

ಸು ಲಿನ್ ಊಟ ಬಿಟ್ಟಳು. ಕೊನೆಗೆ ಒಂದು ಬೆಳಿಗ್ಗೆ ತಾನೇ ನನ್ನ ಕೈ ಹಿಡಿದು ಸ್ಟೇಷನ್ನಿಗೆ ಎಳೆದುಕೊಂಡು ಹೋದಳು. ಅತ್ತೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಅಜ್ಜಿ ಸತ್ತ ಸುದ್ದಿಯನ್ನು ನಾನಿನ್ನೂ ಹೇಳಿರಲಿಲ್ಲ. ಉಪ್ಪು ಯಾಕೆ ಹಾಕಿದೆ ಎಂದಷ್ಟೇ ಕೇಳಿದೆ.

"ಆ ಮುದುಕಿ ತೋರ್ಸಿದ್ಲಲ್ಲ" ಎಂದಳು ಅತ್ತೆ.

"ಯಾವ ಮುದುಕಿ?"

"ನಿಮ್ಮ ಸಂಗಾಟ ಬಂದಾಕಿ. ಗಿಡ್ಡಾಕಿ, ಹೂವಿನ ಲುಂಗಿ ಉಟ್ಟಿದ್ಲು. ಈಕಿ ಅಜ್ಜಿ ಇರಬೇಕು ಅನ್ಕೊಂಡೆ. ಮಾತಾಡ್ಸಿದ್ರ ಮಾತಿಲ್ಲ, ತಾಟ ಹಾಕಿದ್ರ ಮುಟ್ಟಲಿಲ್ಲ. ನೀವೂ ಆಕೀನ್ನ ಮಾತಾಡ್ಸಲಿಲ್ಲ. ದೂರದ ಮಂದಿ, ಏನ್ ರೀತಿ ಐತೋ ಏನೋ ಅಂತ ಸುಮ್ಮನಾದೆ. ಹೊರಡೂ ಮುಂದ ಒಲಿ ಬಾಜೂಕ ಬಂದು ಉಪ್ಪಿನ ಗಡಿಗಿ ತೋರ್ಸಿದ್ಲು, ಚಾಪುಡಿ ಡಬ್ಬಿ ತೋರ್ಸಿದ್ಲು. ನನ್ನ ಕೈಲೇನ ಹಾಕಸಬೇಕು ಅನ್ನೂಹಂಗ ನನ್ನ ಕೈ ಮುಟ್ಟಿದ್ಲು. ಹಿರೇ ಜೀವ, ಒಲ್ಲೆ ಅನ್ಲಿಲ್ಲ."

ನಾನು ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಸು ಲಿನ್‌ಗೆ ಹೇಳಿದೆ. ಅಮಾ ದಿನವೂ ಉಡುತ್ತಿದ್ದ ಆ ಲುಂಗಿಯ ಮಾತಿಗೆ ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ತಾನೇ ಕೇಳಿದಳು: "ಅತ್ತಿ, ಅಮಾ ಸಿಟ್ಟು?"

"ಸಿಟ್ಟು ಎಲ್ಲೀದವ್ವಾ. ನೀ ಉಣ್ಣೂದು ನೋಡ್ಕೋಂತ ಕುಂತಿದ್ಲು. ಕಣ್ಣ ತೆಗೀಲಿಲ್ಲ."

ಆಗ ಅತ್ತೆಗೆ ತಂತಿಯ ವಿಷಯ ಹೇಳಿದೆ. ಹಿಟ್ಟಿನ ಕೈಯನ್ನು ಗಾಳಿಯಲ್ಲೇ ಹಿಡಿದು ಕುಳಿತುಬಿಟ್ಟಳು. ಸತ್ತವಳನ್ನು ಕಂಡೆನೆಂದು ಹೆದರಿದವಳಂತೆ ನನಗೆ ತೋರಲಿಲ್ಲ. ಮನೆಗೆ ಬಂದ ಮುದುಕಿಗೆ ಒಂದು ಗುಟುಕು ನೀರನ್ನಾದರೂ ಒತ್ತಾಯ ಮಾಡಿ ಕುಡಿಸಲಿಲ್ಲವಲ್ಲ ಎಂದು ಅತ್ತಳು.

ಇಷ್ಟೇ ನಡೆದದ್ದು. ಸು ಲಿನ್ ಓದು ಮುಗಿಸಿ ಊರಿಗೆ ಹೋದಳು, ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಅತ್ತೆ ಸುಳ್ಳು ಹೇಳುವವಳಲ್ಲ. ಭ್ರಮೆ ಎನ್ನೋಣವೆಂದರೆ ಆ ಉಪ್ಪು, ಆ ಚಹಾಪುಡಿ ಅವಳ ಭ್ರಮೆಯೊಳಗೆ ಎಲ್ಲಿಂದ ಬಂದವು? ಗೊತ್ತಿಲ್ಲ. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಅದಲ್ಲ. ಅವತ್ತು ಸು ಲಿನ್ ಅತ್ತೆಯ ಮಡಿಲಲ್ಲಿ ತಲೆಯಿಟ್ಟು, ಅಷ್ಟು ದೂರ ಬಂದವಳು ನನಗೆ ಯಾಕೆ ಕಾಣಿಸಲಿಲ್ಲ, ನನಗೇ ಯಾಕೆ ಕಾಣಿಸಲಿಲ್ಲ ಎಂದು ತನ್ನ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಳು. ನಾನು ಅನುವಾದ ಮಾಡಿರಲಿಲ್ಲ. ಆದರೂ ಅತ್ತೆ ಅವಳ ತಲೆ ಸವರುತ್ತ ಉತ್ತರ ಕೊಟ್ಟಳು.

"ಕಂಡಿದ್ರ ನೀ ಆಕೀನ್ನ ಹೋಗಾಕ ಬಿಡ್ತಿದ್ದೇನವ್ವಾ?"